ಬ್ಯಾಗಿನಲ್ಲೊಂದು ಟೆಲಿಸ್ಕೋಪ್, ತೆಂಕಣದಲ್ಲೊಂದು ಆಕಾಶ

ಮೇಜಿನ ಮೇಲೆ ಬರೀ ಖಾಲಿ ಬ್ಯಾಗ್ ಇದೆ, ಟೆಲಿಸ್ಕೋಪ್ ಎಲ್ಲಿ ಅಂತ ಮುಂದಿನ ಸಾಲಿನವರು ಆಗಲೇ ಕೇಳಿದರು. ಅದು ಹೊರಗೆ ಬಯಲಲ್ಲಿದೆ. ಮೂರು ಕಾಲಿನ ಮೇಲೆ ನಿಲ್ಲಿಸಿ, ಮುಚ್ಚಳ ಹಾಕಿ, ಮೇಲೊಂದು ಬಟ್ಟೆ ಹೊದಿಸಿ ಬಂದಿದ್ದೇನೆ. ಇಲ್ಲಿ ಎಸಿ ಇದೆ, ಹೊರಗೆ ಸೆಕೆ. ಅದಕ್ಕೇ ಒಳಗೆ ತರಲಿಲ್ಲ. ಯಾಕೆ ಅಂತ ಹೇಳಬೇಕಾದರೆ ನನ್ನ ಪೆದ್ದುತನದಿಂದಲೇ ಶುರು ಮಾಡಬೇಕು.

ಸಮಭಾಜಕ ವೃತ್ತದಿಂದ ಎಂಟು ಡಿಗ್ರಿ ದಕ್ಷಿಣಕ್ಕೆ ಒಂದು ದ್ವೀಪ. ಮೇ ತಿಂಗಳು. ನಾನು ಮೊದಲ ಸಲ ಟೆಲಿಸ್ಕೋಪ್ ಹೊತ್ತುಕೊಂಡು ರಜೆಗೆ ಹೋಗಿದ್ದೆ. ಸಂಜೆ ಮಳೆ ಬಂದು ನಿಂತಿತ್ತು, ಆಕಾಶ ತೊಳೆದಿಟ್ಟ ಹಾಗಿತ್ತು. ರೂಮಿನಲ್ಲಿ ಎಸಿ ಇಪ್ಪತ್ತಕ್ಕೆ ಇಟ್ಟಿದ್ದೆ. ಟೆಲಿಸ್ಕೋಪ್ ಅಲ್ಲೇ ಮಂಚದ ಪಕ್ಕ ಇತ್ತು. ಎತ್ತಿಕೊಂಡು ಓಡಿದೆ, ಮುಚ್ಚಳ ತೆಗೆದೆ. ಕಣ್ಣೆದುರಿಗೇ ಲೆನ್ಸ್ ಬೆಳ್ಳಗಾಯಿತು. ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ತೇವ ಕೂತಿತು. ನಾನು ಅಂಗಿಯ ತುದಿಯಿಂದ ಒರೆಸಿದೆ. ಐದು ಸೆಕೆಂಡಿಗೆ ಮತ್ತೆ ಬೆಳ್ಳಗೆ. ಮತ್ತೆ ಒರೆಸಿದೆ. ಮೂರನೇ ಸಲ ಒರೆಸುವಾಗ ಅಂಗಿಯಲ್ಲಿದ್ದ ಒಂದು ಮರಳಿನ ಕಣ ತನ್ನ ಕೆಲಸ ಮಾಡಿತು. ಆ ಗೀಟು ಇವತ್ತಿಗೂ ಇದೆ. ನೋಡುವಾಗ ಅದರಿಂದ ತೊಂದರೆ ಏನೂ ಇಲ್ಲ, ಆದರೆ ಲೆನ್ಸಿಗೆ ಟಾರ್ಚ್ ಬಿಟ್ಟಾಗಲೆಲ್ಲ ನನ್ನನ್ನು ನೋಡಿ ನಗುತ್ತದೆ. ಗಾಜು ಬೆಚ್ಚಗಾಗುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಅಷ್ಟರಲ್ಲಿ ಮೋಡ ಬಂತು.

ಕನ್ನಡಕ ಹಾಕುವವರಿಗೆ ಇದು ಹೊಸದೇನಲ್ಲ. ಎಸಿ ಕಾರಿನಿಂದ ಇಳಿದ ತಕ್ಷಣ ಏನೂ ಕಾಣೋದಿಲ್ಲ, ಅಲ್ವಾ? ಅದೇ ಇದು. ತಣ್ಣಗಿರುವ ಗಾಜಿಗೆ ತೇವದ ಗಾಳಿ ತಾಗಿದರೆ ನೀರಾಗಿ ಕೂರುತ್ತದೆ. ಚಳಿ ದೇಶದವರು ಬರೆದ ಸಲಹೆಗಳಲ್ಲಿ ಟೆಲಿಸ್ಕೋಪನ್ನು ಮುಂಚೆಯೇ ಹೊರಗಿಟ್ಟು ತಣ್ಣಗಾಗಲು ಬಿಡಿ ಎಂದಿರುತ್ತದೆ. ನಮಗೆ ಬೇಕಾದದ್ದು ಉಲ್ಟಾ. ಹೊರಗಿಟ್ಟು ಬೆಚ್ಚಗಾಗಲು ಬಿಡಬೇಕು, ಅದೂ ಬ್ಯಾಗಿನ ಜಿಪ್ ತೆಗೆಯದೆ ಅಥವಾ ಮುಚ್ಚಳ ಬಿಗಿಯಾಗಿ ಹಾಕಿ. ಒಂದು ಗಂಟೆ ಸಾಕು. ಒರೆಸುವ ಆಸೆಯಾದರೆ ಕೈ ಕಟ್ಟಿಕೊಂಡು ನಿಲ್ಲಿ.

ಇಷ್ಟೆಲ್ಲ ಪಾಡು ಯಾಕೆ ಪಡಬೇಕು? ರಜೆಯಲ್ಲಿ ಸುಮ್ನೆ ಸಮುದ್ರ ನೋಡಿಕೊಂಡು ಇರಬಾರದೇ? ಇರಬಹುದು. ಆದರೆ ಉತ್ತರದ ಕಡೆ ಬೆಳೆದವರು ಸಮಭಾಜಕದತ್ತ ಇಳಿದ ಹಾಗೆಲ್ಲ, ಹುಟ್ಟಿದಾಗಿನಿಂದ ನೆಲದ ಕೆಳಗೇ ಇದ್ದ ಒಂದು ಆಕಾಶ ಮೇಲಕ್ಕೆ ಬರುತ್ತದೆ. ಲೆಕ್ಕ ಬಹಳ ಸುಲಭ. ನೀವು ಉತ್ತರಕ್ಕೆ ಎಷ್ಟು ಡಿಗ್ರಿಯಲ್ಲಿ ಇದ್ದೀರೋ ಅಷ್ಟೇ ಎತ್ತರದಲ್ಲಿ ಧ್ರುವ ನಕ್ಷತ್ರ ಕಾಣುತ್ತದೆ. ಆಕಾಶದ ದಕ್ಷಿಣ ಧ್ರುವ ದಿಗಂತದಿಂದ ಅಷ್ಟೇ ಕೆಳಗೆ ಮುಳುಗಿರುತ್ತದೆ. ಸಮಭಾಜಕದ ಮೇಲೆ ನಿಂತರೆ ಎರಡೂ ದಿಗಂತದಲ್ಲಿ ಇರುತ್ತವೆ. ಅಲ್ಲಿ ಒಂದು ವರ್ಷ ಕೂತರೆ ಆಕಾಶದ 88 ನಕ್ಷತ್ರಪುಂಜಗಳೂ ಒಂದಲ್ಲ ಒಂದು ಹೊತ್ತಿಗೆ ಪೂರ್ತಿಯಾಗಿ ನಿಮ್ಮ ಮುಂದೆ ಹಾದು ಹೋಗುತ್ತವೆ. ಭೂಮಿಯ ಮೇಲೆ ಬೇರೆ ಯಾವ ಜಾಗಕ್ಕೂ ಈ ಭಾಗ್ಯ ಇಲ್ಲ.

ಇನ್ನೊಂದು ಲಾಭ ಗ್ರಹಗಳದ್ದು. ಸೂರ್ಯ, ಚಂದ್ರ, ಗ್ರಹಗಳೆಲ್ಲ ಹೆಚ್ಚುಕಮ್ಮಿ ಒಂದೇ ದಾರಿಯಲ್ಲಿ ನಡೆಯುತ್ತವೆ. ಉಷ್ಣವಲಯದಲ್ಲಿ ಆ ದಾರಿ ನೆತ್ತಿಯ ಹತ್ತಿರ ಹಾಯುತ್ತದೆ. 50 ಡಿಗ್ರಿ ಉತ್ತರದಲ್ಲಿರುವವರಿಗೆ ಧನು ರಾಶಿಯಲ್ಲಿರುವ ಗ್ರಹ ಹದಿನೇಳು-ಇಪ್ಪತ್ತು ಡಿಗ್ರಿಗಿಂತ ಮೇಲೆ ಏಳುವುದಿಲ್ಲ. ಮನೆ ಸೂರಿನ ಮೇಲೆ ತೆವಳಿಕೊಂಡು ಹೋಗುತ್ತದೆ ಅನ್ನಿ. ಅದನ್ನು ಅವರು ಮೂರು ಪಟ್ಟು ಜಾಸ್ತಿ ಗಾಳಿಯ ಮೂಲಕ ನೋಡಬೇಕು. ಅಷ್ಟು ಗಾಳಿ ದಾಟಿ ಬಂದ ಶನಿ ಕುದಿಯುವ ನೀರಿನ ತಳದಲ್ಲಿ ಬಿದ್ದ ನಾಣ್ಯದ ಹಾಗೆ ಅಲುಗಾಡುತ್ತದೆ. ಅದೇ ಗ್ರಹ ನೆತ್ತಿ ಮೇಲೆ ಬಂದಾಗ, ಅದೂ ಸಮುದ್ರದಿಂದ ಒಂದೇ ಸಮನೆ ಗಾಳಿ ಬೀಸುವ ರಾತ್ರಿ, ಚಿಕ್ಕ ಟೆಲಿಸ್ಕೋಪಿನಲ್ಲೂ ಬಳೆ ಬೇರೆ, ಗ್ರಹ ಬೇರೆ ಎಂದು ಚೊಕ್ಕವಾಗಿ ಕಾಣುತ್ತದೆ.

ಕತ್ತಲೂ ಬೇಗ ಬರುತ್ತದೆ. ಸೂರ್ಯ ಓರೆಯಾಗಿ ಜಾರುವುದಿಲ್ಲ, ನೆಟ್ಟಗೆ ಇಳಿಯುತ್ತಾನೆ. ಮುಳುಗಿದ ಒಂದೂಕಾಲು ಗಂಟೆಗೆ ಪೂರ್ತಿ ಕತ್ತಲು. ರಾತ್ರಿ ಊಟಕ್ಕೆ ಕೂರುವ ಮುಂಚೆಯೇ ಆಕಾಶಗಂಗೆ ನೋಡಬಹುದು. ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಇದರ ಬೆಲೆ ಗೊತ್ತು.

ಈಗ ಈ ಬ್ಯಾಗ್. ಇದರಲ್ಲಿ ಹಿಡಿಯುವುದು 80 ಮಿಲಿಮೀಟರ್ ಲೆನ್ಸಿನ ಒಂದು ಟೆಲಿಸ್ಕೋಪ್, ಮೂರು ಐಪೀಸ್ (ಕಣ್ಣಿಟ್ಟು ನೋಡುವ ಚಿಕ್ಕ ಲೆನ್ಸು), ಬೆಳಕನ್ನು ತೊಂಬತ್ತು ಡಿಗ್ರಿ ತಿರುಗಿಸುವ ಒಂದು ಕನ್ನಡಿ. ಕೊಳವೆ ಒಂದೂವರೆ ಅಡಿ ಉದ್ದ. 80 ಮಿಲಿಮೀಟರ್ ಅಂದರೆ ಏನೂ ಅಲ್ಲ ಎಂದು ಕೆಲವರು ಮೂಗು ಮುರಿಯುತ್ತಾರೆ. ಕತ್ತಲಲ್ಲಿ ಪೂರ್ತಿ ಹಿಗ್ಗಿದ ನಿಮ್ಮ ಕಣ್ಣಿನ ಪಾಪೆ ಏಳು ಮಿಲಿಮೀಟರ್. ಈ ಲೆನ್ಸ್ ಅದಕ್ಕಿಂತ 130 ಪಟ್ಟು ಬೆಳಕು ಹಿಡಿಯುತ್ತದೆ. ಸಾಲದೇ?

ದೊಡ್ಡ ಟೆಲಿಸ್ಕೋಪ್ ಒಳ್ಳೆಯದೇ. ನನ್ನ ಮನೆಯಲ್ಲೂ ಒಂದಿದೆ. ಆದರೆ ಅದು ಮನೆಯಲ್ಲೇ ಇರುತ್ತದೆ, ಅದೇ ಅದರ ದೋಷ.

ವಿಮಾನದ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ಗಾಜು ಇರುವುದೆಲ್ಲ ಕೈಬ್ಯಾಗಿನಲ್ಲಿ, ಟ್ರೈಪಾಡ್ ಬಟ್ಟೆಗಳ ಮಧ್ಯೆ ಸೂಟ್‌ಕೇಸಿನಲ್ಲಿ. ಪವರ್ ಬ್ಯಾಂಕ್ ಯಾವತ್ತೂ ಕೈಬ್ಯಾಗಿನಲ್ಲೇ. ಅದರ ಮಿತಿ ಸಾಮಾನ್ಯವಾಗಿ 100 ವ್ಯಾಟ್-ಅವರ್. 20,000 ಎಂಎಎಚ್‌ನದ್ದು ಸುಮಾರು 74 ಆಗುತ್ತದೆ, ಭಯ ಬೇಡ. ಹಸಿರು ಲೇಸರ್ ಬೇಡವೇ ಬೇಡ, ಬೆರಳಲ್ಲೇ ತೋರಿಸಿ. ತಪಾಸಣೆಯಲ್ಲಿ ಎಕ್ಸ್‌ರೇ ಪರದೆಯ ಮೇಲೆ ಈ ಕೊಳವೆ ವಿಚಿತ್ರವಾಗಿ ಕಾಣುತ್ತದೆ, ಹಾಗಾಗಿ ತೆಗೆದು ತೋರಿಸಿ ಅನ್ನುತ್ತಾರೆ. ಒಮ್ಮೆ ಒಬ್ಬ ಅಧಿಕಾರಿ ಇದರಲ್ಲಿ ಏನು ಕಾಣುತ್ತದೆ ಎಂದು ಕೇಳಿದರು. ಹಾಲಿನ ಆ ತುದಿಯಲ್ಲಿದ್ದ ಬಾಗಿಲಿನ ಬೋರ್ಡಿಗೆ ತಿರುಗಿಸಿ ಕೊಟ್ಟೆ. ಅಕ್ಷರಗಳು ಎಡಬಲ ತಿರುಗಿ ಕಂಡವು. ಹಾಳಾಗಿದೆಯಲ್ಲ ನಿಮ್ಮದು ಅಂದರು. ಇಲ್ಲ ಸಾರ್, ಒಳಗೆ ಕನ್ನಡಿ ಇದೆ, ನಕ್ಷತ್ರಕ್ಕೆ ಎಡಬಲ ಏನೂ ಇಲ್ಲ ಅಂದೆ. ನಕ್ಕು ಕಳಿಸಿದರು.

ಟೆಲಿಸ್ಕೋಪನ್ನು ಹಿಡಿದು ತಿರುಗಿಸುವ ಮೌಂಟ್ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು, ಇಲ್ಲೇ ಜನ ಎಡವುತ್ತಾರೆ. ಭೂಮಿ ತಿರುಗುವುದಕ್ಕೆ ಸರಿಯಾಗಿ ನಕ್ಷತ್ರವನ್ನು ಹಿಂಬಾಲಿಸುವ ಈಕ್ವಟೋರಿಯಲ್ ಮೌಂಟ್ ಒಂದಿದೆ. ಅದರ ಒಂದು ಅಚ್ಚು ಆಕಾಶದ ಧ್ರುವಕ್ಕೆ ಮುಖ ಮಾಡಿರಬೇಕು. ಸಮಭಾಜಕದ ಹತ್ತಿರ ಧ್ರುವ ಎಲ್ಲಿದೆ? ದಿಗಂತದಲ್ಲಿ, ಮರಗಳ ಹಿಂದೆ, ಸಮುದ್ರದ ಮಬ್ಬಿನಲ್ಲಿ. ಅಚ್ಚನ್ನು ಅಷ್ಟು ಮಲಗಿಸಿದರೆ ಸಮತೂಕಕ್ಕೆ ಹಾಕಿರುವ ಗುಂಡು ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಎಷ್ಟೋ ಮೌಂಟ್‌ಗಳು ಅಷ್ಟು ಕೆಳಗೆ ಬಾಗುವುದೇ ಇಲ್ಲ. ರಜೆಗೆ ಹೋಗುವಾಗ ಮೇಲೆ-ಕೆಳಗೆ, ಎಡ-ಬಲ ಮಾತ್ರ ತಿರುಗುವ ಸಾದಾ ಮೌಂಟ್ ತೆಗೆದುಕೊಳ್ಳಿ. ಅದಕ್ಕೂ ಒಂದು ಕಷ್ಟ ಇದೆ. ನೆಟ್ಟಗೆ ನೆತ್ತಿಗೆ ತಿರುಗಿಸಿದರೆ ಕೊಳವೆಯ ಹಿಂಭಾಗ ಟ್ರೈಪಾಡಿಗೆ ತಾಗುತ್ತದೆ. ಸರಿಯಾಗಿ ನೆತ್ತಿಯಲ್ಲಿರುವ ಗ್ರಹಕ್ಕೆ ಅರ್ಧ ಗಂಟೆ ಕಾಯಿರಿ. ಅದೇ ಇಳಿದು ಬರುತ್ತದೆ.

ಐಪೀಸ್ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಎಲ್ಲರೂ ಮೊದಲು ಕೇಳುವುದು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ ಅಂತ. ಈ ಟೆಲಿಸ್ಕೋಪಿನ ನಾಭಿದೂರ 480 ಮಿಲಿಮೀಟರ್, ಅದನ್ನು ಐಪೀಸಿನ ನಾಭಿದೂರದಿಂದ ಭಾಗಿಸಿದರೆ ಉತ್ತರ. 24 ಮಿಲಿಮೀಟರ್ ಐಪೀಸ್ ಹಾಕಿದರೆ 20 ಪಟ್ಟು, 6 ಹಾಕಿದರೆ 80 ಪಟ್ಟು. ನನ್ನ ದಕ್ಷಿಣದ ರಾತ್ರಿಗಳಲ್ಲಿ ಮುಕ್ಕಾಲು ಪಾಲು ಕಳೆದದ್ದು ಆ 20ರಲ್ಲೇ. ಅಗಲ ನೋಟದ ಐಪೀಸ್ ಆದರೆ ಅದರಲ್ಲಿ ಆರು ಹುಣ್ಣಿಮೆ ಚಂದ್ರರನ್ನು ಅಕ್ಕಪಕ್ಕ ಜೋಡಿಸುವಷ್ಟು ಆಕಾಶ ಒಟ್ಟಿಗೆ ಸಿಗುತ್ತದೆ. ದಕ್ಷಿಣದ ದೊಡ್ಡ ದೊಡ್ಡ ಸಂಗತಿಗಳೆಲ್ಲ ನಿಜವಾಗಿಯೂ ದೊಡ್ಡವು. ಅವನ್ನು ಹಿಗ್ಗಿಸಬೇಕಾಗಿಲ್ಲ, ಚೌಕಟ್ಟಿನೊಳಗೆ ಹಿಡಿಸಬೇಕು. ಮನೆಯ ದೊಡ್ಡ ಟೆಲಿಸ್ಕೋಪ್ ಸೋಲುವುದು ಇಲ್ಲೇ, ಅದರ ಕಿಟಕಿ ಚಿಕ್ಕದು.

ಹಾಗಾದರೆ ಏನು ನೋಡೋಣ? ಮೇ ನಡುವಿನ ಒಂದು ರಾತ್ರಿ, ಒಂಬತ್ತು ಗಂಟೆ ಅಂತ ಇಟ್ಟುಕೊಳ್ಳಿ. ದಕ್ಷಿಣಕ್ಕೆ ಮುಖ ಮಾಡಿ. ತ್ರಿಶಂಕು (ಸದರ್ನ್ ಕ್ರಾಸ್) ನೆಟ್ಟಗೆ ನಿಂತಿರುತ್ತದೆ, ಗಾಳಿಪಟದ ಹಾಗೆ ನಾಲ್ಕು ನಕ್ಷತ್ರ. ಸಮಭಾಜಕದ ಹತ್ತಿರದಿಂದ ನೋಡಿದರೆ ದಿಗಂತದಿಂದ ಸುಮಾರು ಮೂವತ್ತು ಡಿಗ್ರಿ ಮೇಲೆ. ಅದರ ಪಕ್ಕದಲ್ಲಿ ಆಕಾಶಗಂಗೆಗೆ ಯಾರೋ ತೂತು ಮಾಡಿದ ಹಾಗೆ ಒಂದು ಕಪ್ಪು ಮಚ್ಚೆ. ಅದು ತೂತಲ್ಲ, ಹಿಂದಿನ ನಕ್ಷತ್ರಗಳನ್ನು ಮರೆ ಮಾಡಿರುವ ಧೂಳಿನ ಮೋಡ, ಹೆಸರು ಕೋಲ್‌ಸ್ಯಾಕ್. ಅದಕ್ಕೆ ಟೆಲಿಸ್ಕೋಪ್ ಬೇಡ.

ತ್ರಿಶಂಕುವಿನ ಎಡಕ್ಕೆ ಎರಡು ಪ್ರಕಾಶಮಾನ ನಕ್ಷತ್ರಗಳು. ಎಡಗಡೆಯದು ಆಲ್ಫಾ ಸೆಂಟಾರಿ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಕುಟುಂಬ, ನಾಲ್ಕೂಕಾಲು ಜ್ಯೋತಿರ್ವರ್ಷದ ಆಸುಪಾಸು. 80 ಪಟ್ಟಿನ ಐಪೀಸ್ ಹಾಕಿ. ಒಂದು ಎರಡಾಗುತ್ತದೆ, ದೂರದಲ್ಲಿ ಬರುತ್ತಿರುವ ಗಾಡಿಯ ಹೆಡ್‌ಲೈಟಿನ ಹಾಗೆ ಎರಡು ಹಳದಿ ಚುಕ್ಕೆ. ಇವು ಒಂದನ್ನೊಂದು ಸುತ್ತಲು ಸುಮಾರು 80 ವರ್ಷ ತೆಗೆದುಕೊಳ್ಳುತ್ತವೆ. 2016ರ ಹೊತ್ತಿಗೆ ನಮ್ಮ ಕಣ್ಣಿಗೆ ತೀರಾ ಹತ್ತಿರ ಬಂದಿದ್ದವು. ಆಮೇಲಿಂದ ದೂರ ಸರಿಯುತ್ತಿವೆ, ನೋಡುವವರಿಗೆ ಒಳ್ಳೆಯ ಕಾಲ.

ಈಗ ಸ್ವಲ್ಪ ಮೇಲೆ, ಐಪೀಸ್ ಬದಲಿಸಿ 20ಕ್ಕೆ ಬನ್ನಿ. ಬರಿಗಣ್ಣಿಗೆ ಮಸುಕಾದ ನಕ್ಷತ್ರದ ಹಾಗೆ ಕಾಣುವ ಒಮೆಗಾ ಸೆಂಟಾರಿ. ಇದಕ್ಕೆ ನಕ್ಷತ್ರದ ಹೆಸರು ಬಂದಿದ್ದೇ ಆ ತಪ್ಪಿನಿಂದ. ಟೆಲಿಸ್ಕೋಪಿನಲ್ಲಿ ಮೊದಲು ಬರೀ ಒಂದು ದುಂಡನೆ ಮಂಜು, ಹತ್ತಿರ ಹತ್ತಿರ ಹುಣ್ಣಿಮೆ ಚಂದ್ರನಷ್ಟು. ಇಷ್ಟೇನಾ ಎಂದು ಹಲವರು ಇಲ್ಲಿ ಕಣ್ಣು ತೆಗೆಯುತ್ತಾರೆ. ತೆಗೆಯಬೇಡಿ. ಐಪೀಸನ್ನು 60ಕ್ಕೋ 80ಕ್ಕೋ ಏರಿಸಿ, ನೇರವಾಗಿ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡಿ. ಕಣ್ಣಿನ ಅಂಚು ಮಂದ ಬೆಳಕಿಗೆ ಹೆಚ್ಚು ಚುರುಕು. ಒಂದೆರಡು ನಿಮಿಷ ಆದ ಮೇಲೆ ಮಂಜಿನ ಅಂಚು ರವೆ ರವೆಯಾಗುತ್ತದೆ. ಒಂದು ಕಾಳು ಕಂಡಿತು ಅನ್ನಿಸುತ್ತದೆ, ನೇರ ನೋಡಿದರೆ ಮಾಯ, ಪಕ್ಕಕ್ಕೆ ನೋಡಿದರೆ ಹತ್ತು ಕಾಳು. ಪ್ರತಿ ಕಾಳೂ ಒಂದು ಸೂರ್ಯ. ಅಲ್ಲಿ ಸುಮಾರು ಒಂದು ಕೋಟಿ ನಕ್ಷತ್ರಗಳಿವೆ, ದೂರ ಹದಿನೇಳು ಸಾವಿರ ಜ್ಯೋತಿರ್ವರ್ಷ. ಮೊದಲ ಸಲ ಅದು ರವೆಯಾದಾಗ ನಾನು ಜೋರಾಗಿ ಏನೋ ಅಂದೆ. ಪಕ್ಕದ ರೂಮಿನವರು ಲೈಟ್ ಹಾಕಿದರು.

ಇದನ್ನು ನಕ್ಷತ್ರವಲ್ಲ, ಮಂಜಿನ ಚುಕ್ಕೆ ಎಂದು ಗುರುತಿಸಿದವನು ಎಡ್ಮಂಡ್ ಹ್ಯಾಲಿ, 1677ರಲ್ಲಿ. ಧೂಮಕೇತುವಿನ ಹ್ಯಾಲಿಯೇ. ಆಗಿನ್ನೂ ಇಪ್ಪತ್ತರ ಹುಡುಗ. ಓದು ಅರ್ಧಕ್ಕೆ ಬಿಟ್ಟು, ದಕ್ಷಿಣದ ಆಕಾಶದ ಪಟ್ಟಿ ಮಾಡುತ್ತೇನೆಂದು ಅಟ್ಲಾಂಟಿಕ್ ಮಧ್ಯದ ಸೇಂಟ್ ಹೆಲೆನಾ ದ್ವೀಪಕ್ಕೆ ಹಡಗು ಹತ್ತಿದ. 16 ಡಿಗ್ರಿ ದಕ್ಷಿಣ, ಪಕ್ಕಾ ಉಷ್ಣವಲಯ. ಅವನು ಒಯ್ದದ್ದರಲ್ಲಿ 24 ಅಡಿ ಉದ್ದದ ಒಂದು ದುರ್ಬೀನು ಇತ್ತು! ನಾವು ಕೈಬ್ಯಾಗ್ ಭಾರ ಎಂದು ಗೊಣಗುತ್ತೇವೆ. ದ್ವೀಪದ ಮೇಲೆ ಮೋಡ ಬಿಡಲೇ ಇಲ್ಲ. ಹಾಗಿದ್ದೂ 341 ನಕ್ಷತ್ರಗಳ ಜಾಗ ಅಳೆದು ತಂದ.

ತ್ರಿಶಂಕುವಿನ ಬಲಕ್ಕೆ ಬಂದರೆ ಕರೀನಾ ನೀಹಾರಿಕೆ, ಅನಿಲ-ಧೂಳಿನ ಹೊಳೆಯುವ ಮೋಡ. ನನ್ನನ್ನು ಕೇಳಿದರೆ ಇಡೀ ಆಕಾಶದಲ್ಲಿ ಚಿಕ್ಕ ಟೆಲಿಸ್ಕೋಪಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಓರಿಯನ್ ನೀಹಾರಿಕೆಯ ಅಭಿಮಾನಿಗಳು ಜಗಳಕ್ಕೆ ಬರಲಿ, ಪರವಾಗಿಲ್ಲ. ಬರಿಗಣ್ಣಿಗೇ ಕಾಣುವ ಬೆಳಕಿನ ತೇಪೆ. 20 ಪಟ್ಟಿನಲ್ಲಿ ಅದು ಹೋಳು ಹೋಳಾಗಿ, ನಡುವೆ ಕಪ್ಪು ಓಣಿಗಳು ಹಾದ ಹಾಗೆ ಕಾಣುತ್ತದೆ. ಒಳಗೆ ಒಂದು ಕಿತ್ತಳೆ ಬಣ್ಣದ ನಕ್ಷತ್ರ, ಈಟಾ ಕರೀನೆ. 1843ರಲ್ಲಿ ಇದು ಉಬ್ಬರಿಸಿ, ರಾತ್ರಿ ಆಕಾಶದ ನಕ್ಷತ್ರಗಳಲ್ಲಿ ಲುಬ್ಧಕವನ್ನು (ಸಿರಿಯಸ್) ಬಿಟ್ಟರೆ ಇದೇ ಅತಿ ಪ್ರಕಾಶಮಾನ ಅನ್ನಿಸಿಕೊಂಡಿತ್ತು. ಆಮೇಲೆ ಬರಿಗಣ್ಣಿಗೆ ಕಾಣದಷ್ಟು ಮಂಕಾಯಿತು, ಈಗ ಮತ್ತೆ ಚೇತರಿಸಿಕೊಂಡಿದೆ. ಯಾವತ್ತಾದರೂ ಸಿಡಿಯುತ್ತದೆ. ನಿಮ್ಮ ರಜೆಯಲ್ಲೇ ಸಿಡಿಯಲಿ ಎಂದು ಹಾರೈಸುತ್ತೇನೆ.

ಮೇ ತಿಂಗಳಲ್ಲಿ ಹೋದರೆ ಸಂಜೆ ಸಿಗದಿರುವುದು ಮೆಗೆಲ್ಲನ್ ಮೋಡಗಳು. ನಮ್ಮ ಗ್ಯಾಲಕ್ಸಿಯ ಪಕ್ಕದ ಮನೆಯ ಎರಡು ಚಿಕ್ಕ ಗ್ಯಾಲಕ್ಸಿಗಳು. ಅವಕ್ಕೆ ಡಿಸೆಂಬರ್, ಜನವರಿ ಸರಿ. ಅಗಸ್ತ್ಯ ನಕ್ಷತ್ರವನ್ನು ಹಿಡಿದು ಇನ್ನೂ ದಕ್ಷಿಣಕ್ಕೆ ಇಳಿದರೆ ದೊಡ್ಡ ಮೋಡ ಸಿಗುತ್ತದೆ. 1987ರಲ್ಲಿ ಅಲ್ಲಿ ಸಿಡಿದ ನಕ್ಷತ್ರ ಬರಿಗಣ್ಣಿಗೇ ಕಂಡಿತ್ತು, 1,60,000 ಜ್ಯೋತಿರ್ವರ್ಷ ದೂರದಿಂದ.

ಇಷ್ಟು ಹೇಳಿದ ಮೇಲೆ ಮೋಡದ ಮಾತು ಬರಲೇಬೇಕು. ಉಷ್ಣವಲಯದ ಫೋಟೋಗಳಲ್ಲಿ ಆಕಾಶ ಯಾವಾಗಲೂ ನೀಲಿ. ನಿಜದಲ್ಲಿ ಹಾಗಲ್ಲ. ಲೆ ಜೆಂತಿಲ್ ಎಂಬ ಫ್ರೆಂಚ್ ಖಗೋಳಜ್ಞನ ಕಥೆ ಕೇಳಿ. ಶುಕ್ರ ಸೂರ್ಯನ ಮುಂದೆ ಹಾಯುವುದನ್ನು ಅಳೆಯಲು 1760ರಲ್ಲಿ ಪಾಂಡಿಚೇರಿಗೆ ಹೊರಟ. ಅಷ್ಟರಲ್ಲಿ ಊರು ಬ್ರಿಟಿಷರ ಕೈ ಸೇರಿತ್ತು, ಹಡಗು ಇಳಿಯಲು ಆಗಲಿಲ್ಲ. 1761ರ ಜೂನ್ 6ರಂದು ಅವನು ನಡು ಸಮುದ್ರದಲ್ಲಿದ್ದ. ಆಕಾಶ ಚೊಕ್ಕ, ಹಡಗು ಮಾತ್ರ ತೂಗಾಡುತ್ತಿತ್ತು, ಅಳತೆ ಸಾಧ್ಯವಾಗಲಿಲ್ಲ. ಮುಂದಿನ ಸಂಕ್ರಮಣಕ್ಕೆ ಎಂಟು ವರ್ಷ. ಮನೆಗೆ ಹೋಗದೆ ಈ ಕಡೆಯೇ ಕಾದ. 1769ರಲ್ಲಿ ಪಾಂಡಿಚೇರಿಯಲ್ಲೇ ಸಜ್ಜಾಗಿ ಕೂತ. ಸರಿಯಾಗಿ ಆ ಹೊತ್ತಿಗೆ ಮೋಡ. ಎಲ್ಲ ಮುಗಿದ ಮೇಲೆ ಸೂರ್ಯ ಬಂದ. 1771ರಲ್ಲಿ ಊರಿಗೆ ಮರಳಿದಾಗ ಇವನು ಸತ್ತನೆಂದು ತಿಳಿದು ನೆಂಟರು ಆಸ್ತಿಗೆ ಕೈ ಹಾಕಿದ್ದರು, ಫ್ರೆಂಚ್ ವಿಜ್ಞಾನ ಅಕಾಡೆಮಿಯಲ್ಲಿದ್ದ ಕುರ್ಚಿ ಬೇರೆಯವರಿಗೆ ಹೋಗಿತ್ತು. ನಿಮ್ಮ ಒಂದು ರಾತ್ರಿ ಮೋಡಕ್ಕೆ ಹೋದರೆ ಇವನನ್ನು ನೆನೆಯಿರಿ.

ಅದೃಷ್ಟವನ್ನು ಸ್ವಲ್ಪ ನಮ್ಮ ಕಡೆ ಎಳೆದುಕೊಳ್ಳಲೂಬಹುದು. ಮಳೆಗಾಲ ಬಿಟ್ಟು ಹೋಗಿ. ಬೆಟ್ಟ ಇರುವ ದ್ವೀಪದಲ್ಲಿ ಗಾಳಿ ಬಡಿಯುವ ಮಗ್ಗುಲಿಗೆ ಮೋಡ ಕಟ್ಟುತ್ತದೆ, ಆಚೆ ಮಗ್ಗುಲು ಒಣಗಿರುತ್ತದೆ. ಉಳಿಯುವ ಜಾಗ ಆಚೆ ಹುಡುಕಿ. ಮಧ್ಯಾಹ್ನದ ಕಾವಿಗೆ ಎದ್ದ ಮೋಡ ನಡುರಾತ್ರಿಯ ಮೇಲೆ ಎಷ್ಟೋ ಸಲ ಕರಗುತ್ತದೆ, ಅಲಾರಂ ಇಟ್ಟು ಮೂರಕ್ಕೆ ಏಳಿ. ಮುಖ್ಯವಾಗಿ ಟಿಕೆಟ್ ತೆಗೆಯುವ ಮುಂಚೆ ಕ್ಯಾಲೆಂಡರ್ ನೋಡಿ. ಅಮಾವಾಸ್ಯೆಯ ಅಕ್ಕಪಕ್ಕದ ವಾರ ಬೇಕು. ಹುಣ್ಣಿಮೆಗೆ ಹೋಗಿ ನೀಹಾರಿಕೆ ಕಾಣಲಿಲ್ಲ ಎಂದು ನನಗೆ ಫೋನ್ ಮಾಡಿದವರಿದ್ದಾರೆ.

ಇನ್ನು ಮರಳು. ಕಡಲ ತಡಿಯಲ್ಲಿ ದಿಗಂತ ಪೂರ್ತಿ ತೆರೆದಿರುತ್ತದೆ, ಅದಕ್ಕೇ ಎಲ್ಲರೂ ಅಲ್ಲಿಗೆ ಓಡುತ್ತಾರೆ. ಟ್ರೈಪಾಡಿನ ಕಾಲು ಮೆಲ್ಲಗೆ ಹೂತುಕೊಳ್ಳುತ್ತದೆ, ನಕ್ಷತ್ರ ಚೌಕಟ್ಟಿನಿಂದ ಜಾರುತ್ತದೆ. ಕಾಲಿನ ಕೆಳಗೆ ಚಪ್ಪಲಿ ಇಟ್ಟೆ. ಮೂರು ಕಾಲು, ಎರಡು ಚಪ್ಪಲಿ! ಮೂರನೆಯದಕ್ಕೆ ಓದಲೆಂದು ತಂದಿದ್ದ ಪುಸ್ತಕ ಹೋಯಿತು. ಇನ್ನೊಂದು ಗಮನಿಸಿ: ಒದ್ದೆ ಮರಳಿನ ಮೇಲೆ 80 ಪಟ್ಟಿನಲ್ಲಿ ನೋಡುತ್ತಿದ್ದರೆ ಅಲೆ ಬಡಿದಾಗಲೆಲ್ಲ ನಕ್ಷತ್ರ ಚಂಗನೆ ಹಾರುತ್ತದೆ. ಹಿಂದೆ ಗಟ್ಟಿ ನೆಲಕ್ಕೆ ಬನ್ನಿ. ಲೆನ್ಸಿಗೆ ಉಪ್ಪಿನ ಹನಿಯೂ ತಪ್ಪುತ್ತದೆ.

ಸೊಳ್ಳೆ ಕ್ರೀಮ್ ಎಚ್ಚರ. ಡೀಟ್ ಎಂಬ ರಾಸಾಯನಿಕ ಇರುವ ಕ್ರೀಮ್ ಕೆಲವು ಪ್ಲಾಸ್ಟಿಕ್‌ಗಳನ್ನು ತಿನ್ನುತ್ತದೆ. ನನ್ನ ಒಂದು ಐಪೀಸಿನ ಅಂಚು ಅಂಟು ಅಂಟಾಗಿ, ಅದರ ಮೇಲೆ ನನ್ನ ಹೆಬ್ಬೆರಳಿನ ಗುರುತು ಖಾಯಂ ಆಗಿ ಮೂಡಿದೆ. ಕ್ರೀಮ್ ಹಚ್ಚಿ, ಅಂಗೈ ತೊಳೆದು, ಆಮೇಲೆ ಮುಟ್ಟಿ. ಉದ್ದ ತೋಳಿನ ಅಂಗಿ ಇನ್ನೂ ಒಳ್ಳೆಯದು.

ಹಗಲು ಟೆಲಿಸ್ಕೋಪನ್ನು ಬಾಲ್ಕನಿಯಲ್ಲಿ ಮುಚ್ಚಳವಿಲ್ಲದೆ ಬಿಡಬೇಡಿ. ಅಲ್ಲಿನ ಸೂರ್ಯ ನೆತ್ತಿವರೆಗೂ ಏರುತ್ತಾನೆ, ಮಕ್ಕಳು ಕಣ್ಣಿಟ್ಟರೆ ಕ್ಷಣದಲ್ಲಿ ದೃಷ್ಟಿ ಹೋಗುತ್ತದೆ. ಇದರಲ್ಲಿ ತಮಾಷೆಯೇ ಇಲ್ಲ.

ಉಳಿದುಕೊಂಡ ಜಾಗದ ದೀಪಗಳು ದೊಡ್ಡ ತಲೆನೋವು. ಆರಿಸಿ ಎಂದು ಕೇಳಿ, ಎಷ್ಟೋ ಕಡೆ ಆರಿಸುತ್ತಾರೆ. ಆರಿಸದಿದ್ದರೆ ತಲೆ ಮೇಲೆ ಕಪ್ಪು ಬಟ್ಟೆ ಹೊದ್ದು, ಅದರೊಳಗೇ ಐಪೀಸಿಗೆ ಕಣ್ಣಿಡಿ. ನೋಡಿದವರು ಏನು ಬೇಕಾದರೂ ಅಂದುಕೊಳ್ಳಲಿ. ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಮೊಬೈಲ್ ಒಂದು ಸಲ ನೋಡಿದರೆ ಎಲ್ಲ ಮತ್ತೆ ಮೊದಲಿಂದ.

ಗಡಿಯಾರ ನೋಡಿದೆ. ಟೆಲಿಸ್ಕೋಪ್ ಹೊರಗಿಟ್ಟು ಒಂದು ಗಂಟೆಯ ಮೇಲಾಯಿತು, ಗಾಜು ಈಗ ಹೊರಗಿನ ಗಾಳಿಗೆ ಹೊಂದಿಕೊಂಡಿರುತ್ತದೆ. ಇವತ್ತು ನಾಲ್ಕು ದಿನದ ಚಂದ್ರ ಇದೆ, ಮುಳುಗುವ ಮುಂಚೆ ಎಲ್ಲರಿಗೂ ಒಂದೊಂದು ನೋಟ ಸಿಗಬೇಕು. ಇಬ್ಬಿಬ್ಬರಾಗಿ ಬನ್ನಿ. ಕನ್ನಡಕದವರು ಬಾಗಿಲಲ್ಲಿ ಒಂದು ನಿಮಿಷ ನಿಲ್ಲಿ, ಮಂಜು ಕಟ್ಟುತ್ತದೆ. ಕ್ರೀಮ್ ಹಚ್ಚಿಕೊಂಡವರಿಗೆ ನಲ್ಲಿ ಎಡಗಡೆ ಇದೆ.